ಸ್ಪರ್ಶದಿಂದ ಅರಿಯುವ ಜೀವಕೋಶ ಮತ್ತು ಶ್ರಾವಕನ ಅಹಿಂಸೆ

ಘಟಪ್ರಭೆಯ ದಂಡೆಯ ಊರುಗಳಲ್ಲಿ ಮಳೆಗಾಲದ ನೀರು ಕೆಂಪಾಗಿ ಬರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವನ್ನು ದಾಟಿ, ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿ, ಮೂಡಲಗಿ ಸೀಮೆಯ ಕಬ್ಬಿನ ಹೊಲಗಳತ್ತ ಸಾಗುವ ಈ ನೀರನ್ನು ಜೈನ ಮನೆತನಗಳ ಹಿರಿಯರು ಸೋಸದೆ ಕುಡಿದವರಲ್ಲ. ದಪ್ಪ ಹತ್ತಿಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ನೀರನ್ನು ಸೋಸುವುದು, ಬಟ್ಟೆಯ ಮೇಲೆ ಉಳಿದ ಸಣ್ಣ ಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಯಾವ ಬಾವಿಯಿಂದ ಅಥವಾ ಯಾವ ಹೊಳೆಯಿಂದ ನೀರು ಬಂದಿತೋ ಅಲ್ಲಿಗೇ ಮರಳಿ ಬಿಡುವುದು ಶ್ರಾವಕಾಚಾರದ ನಿಯಮ. ಈ ನಿಯಮದ ಮೊದಲರ್ಧವನ್ನು ಮಾತ್ರ ಪಾಲಿಸಿದರೆ ಅದು ಆರೋಗ್ಯಕ್ಕಾಗಿ ಮಾಡಿದ ಕೆಲಸವಾಗುತ್ತದೆ. ಎರಡನೆಯ ಅರ್ಧವನ್ನೂ ಪಾಲಿಸಿದಾಗಲೇ ಅದು ಧರ್ಮವಾಗುತ್ತದೆ.

ಸೋಸುವ ಬಟ್ಟೆಯನ್ನು ಒಂದು ಉಪಕರಣವೆಂದು ನೋಡಿದರೆ, ಅದರ ಗುಣವೆಲ್ಲ ಅದರ ನೆಯ್ಗೆಯಲ್ಲಿದೆ. ಎಳೆ ಎಳೆಗಳ ನಡುವಿನ ಕಿಂಡಿ ಎಷ್ಟು ಕಿರಿದು ಎಂಬುದರ ಮೇಲೆ ಯಾವ ಜೀವಿ ದಾಟುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ನಿರ್ಧಾರವಾಗುತ್ತದೆ. ಅದರಲ್ಲಿ ವಿಷವಿಲ್ಲ, ಬೆಂಕಿಯಿಲ್ಲ, ಆಕಾರ ಮಾತ್ರವಿದೆ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಇದೇ ತತ್ತ್ವವನ್ನು ಬಹು ಸೂಕ್ಷ್ಮವಾದ ಮಟ್ಟಕ್ಕೆ ಒಯ್ಯಲಾಗುತ್ತಿದೆ. ತಾವರೆಯ ಎಲೆ, ಕೀಟದ ರೆಕ್ಕೆ, ಜೇಡನ ನೂಲು, ಮೀನಿನ ಚರ್ಮ ಇವುಗಳ ಸೂಕ್ಷ್ಮ ರಚನೆಯನ್ನು ನೋಡಿ ಕಲಿತು, ಜೀವಕೋಶಗಳನ್ನು ಗುರುತಿಸುವ, ನಡೆಸುವ, ಬೆಳೆಸುವ ಮತ್ತು ಕೆಲವೊಮ್ಮೆ ಕೊಲ್ಲುವ ವಸ್ತುಗಳನ್ನು ತಯಾರಿಸಲಾಗುತ್ತಿದೆ. ಈ ವಸ್ತುಗಳು ಔಷಧೋಪಚಾರದ ಮೂಲಕ ಎಲ್ಲರ ಮನೆಯನ್ನೂ ಮುಟ್ಟಲಿರುವುದರಿಂದ, ಅಹಿಂಸೆಯನ್ನು ಅಣುವ್ರತವಾಗಿ ಸ್ವೀಕರಿಸಿದ ಗೃಹಸ್ಥನು ಇವುಗಳನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಜೀವಕೋಶದ ಸ್ಪರ್ಶಜ್ಞಾನ

ಜೈನ ದರ್ಶನವು ಸಂಸಾರಿ ಜೀವಗಳನ್ನು ಇಂದ್ರಿಯಗಳ ಸಂಖ್ಯೆಗೆ ಅನುಗುಣವಾಗಿ ಐದು ಬಗೆಯಾಗಿ ವಿಂಗಡಿಸುತ್ತದೆ. ಇದರ ಮೊದಲ ಮೆಟ್ಟಿಲಿನಲ್ಲಿರುವ ಏಕೇಂದ್ರಿಯ ಜೀವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಮೂಗು ನಾಲಗೆಗಳಿಲ್ಲ. ಸ್ಪರ್ಶವೊಂದೇ ಅದರ ಅರಿವಿನ ದ್ವಾರ. ಅರಿವು ಅಲ್ಪವಾದರೂ ಅದು ಅರಿವೇ ಎಂಬುದು ಈ ವಿಂಗಡಣೆಯ ತಿರುಳು.

ಆಧುನಿಕ ಜೀವಶಾಸ್ತ್ರವು ಬೇರೊಂದು ದಾರಿಯಿಂದ ಬಂದು ಸ್ಪರ್ಶದ ಮಹತ್ವವನ್ನು ಕಂಡುಕೊಂಡಿತು. ಅಮೇರಿಕದ ವಿಜ್ಞಾನಿ ರಾಸ್ ಹ್ಯಾರಿಸನ್ ಅವರು 1914ರಲ್ಲಿ ಭ್ರೂಣದ ಜೀವಕೋಶಗಳನ್ನು ಜೇಡರ ಬಲೆಯ ಎಳೆಗಳ ಮೇಲೆ ಬೆಳೆಸಿ ನೋಡಿದರು. ಆಸರೆಯಿಲ್ಲದ ದ್ರವದಲ್ಲಿ ದುಂಡಗೆ ಇರುತ್ತಿದ್ದ ಕೋಶಗಳು ಎಳೆ ಸಿಕ್ಕೊಡನೆ ಅದನ್ನು ಹಿಡಿದು, ಅದರ ಉದ್ದಕ್ಕೆ ಚಾಚಿಕೊಂಡು ಸರಿದವು. ಕೋಶವು ತನ್ನ ಕೆಳಗಿನ ನೆಲದ ಆಕಾರವನ್ನು ತಡಕಿ, ಅದಕ್ಕೆ ತಕ್ಕಂತೆ ನಡೆಯುತ್ತದೆ ಎಂಬುದಕ್ಕೆ ಅದು ಆರಂಭದ ಸಾಕ್ಷ್ಯವಾಯಿತು.

ಮುಂದೆ 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಶರ್ ಮತ್ತು ಅವರ ಸಹೋದ್ಯೋಗಿಗಳು ಇನ್ನೂ ವಿಸ್ಮಯಕರವಾದ ಸಂಗತಿಯನ್ನು ಪ್ರಕಟಿಸಿದರು. ಒಂದೇ ಬಗೆಯ ಆಕರ ಕೋಶಗಳನ್ನು ಮೆದುಳಿನಷ್ಟು ಮೆತ್ತಗಿನ ಹಾಸಿನ ಮೇಲೆ ಇಟ್ಟಾಗ ಅವು ನರಕೋಶಗಳ ಲಕ್ಷಣವನ್ನೂ, ಸ್ನಾಯುವಿನಷ್ಟು ಬಿಗಿಯಾದ ಹಾಸಿನ ಮೇಲೆ ಸ್ನಾಯುವಿನ ಲಕ್ಷಣವನ್ನೂ, ಅದಕ್ಕಿಂತ ಗಟ್ಟಿಯಾದ ಹಾಸಿನ ಮೇಲೆ ಎಲುಬಿನ ಲಕ್ಷಣವನ್ನೂ ತಾಳತೊಡಗಿದವು. ಮರುವರ್ಷ, 2007ರಲ್ಲಿ, ಮ್ಯಾಥ್ಯೂ ಡಾಲ್ಬಿ ಅವರ ತಂಡವು ಪ್ಲಾಸ್ಟಿಕ್ಕಿನ ಮೇಲೆ 120 ನ್ಯಾನೊಮೀಟರ್ ಅಗಲದ ಕುಳಿಗಳನ್ನು ಕೊರೆದು ತೋರಿಸಿತು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಆ ಕುಳಿಯ ಅಗಲ ತಲೆಗೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲು ಮಾತ್ರ. ಆ ಕುಳಿಗಳು ಅಚ್ಚುಕಟ್ಟಾದ ಸಾಲಿನಲ್ಲಿದ್ದಾಗ ಕೋಶಗಳು ಎಲುಬಾಗುವತ್ತ ಒಲವು ತೋರಲಿಲ್ಲ. ಸಾಲು ಕೊಂಚ ಅಸ್ತವ್ಯಸ್ತವಾದಾಗ, ಬೇರಾವ ಔಷಧವನ್ನೂ ಬೆರೆಸದೆಯೇ, ಎಲುಬಿನ ಖನಿಜವನ್ನು ಕಟ್ಟತೊಡಗಿದವು.

ಇದನ್ನು ಓದಿದಾಗ, ಶಾಸ್ತ್ರದಲ್ಲಿ ಹೇಳಿದ್ದನ್ನೇ ವಿಜ್ಞಾನವು ಸಿದ್ಧಪಡಿಸಿತು ಎಂದು ಹೆಮ್ಮೆಪಡುವ ಆಸೆ ಯಾರಿಗಾದರೂ ಬರಬಹುದು. ಆ ಅವಸರ ಸಲ್ಲದು. ವಿಜ್ಞಾನಿಯು ಹೇಳುವ ಸ್ಪರ್ಶವೆಂದರೆ ಕೋಶದ ಹೊರಪೊರೆಯ ಪ್ರೋಟೀನುಗಳು ನೆಲವನ್ನು ಹಿಡಿದು ಎಳೆಯುವುದು ಮತ್ತು ಆ ಎಳೆತದ ಸುದ್ದಿ ಕೋಶದ ಒಳಗೆ ತಲಪುವುದು. ಶಾಸ್ತ್ರ ಹೇಳುವ ಸ್ಪರ್ಶನೇಂದ್ರಿಯವು ಚೇತನದ ಲಕ್ಷಣ. ಇವೆರಡೂ ಒಂದೇ ಎಂದು ಹೇಳಲು ಆಧಾರ ಸಾಲದು. ಆದರೆ ನೀತಿಯ ದೃಷ್ಟಿಯಿಂದ ಒಂದು ಪಾಠವನ್ನು ಪಡೆಯಲು ಅಡ್ಡಿಯಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದುದು ಜಡದಂತೆ ಬಿದ್ದಿರುತ್ತದೆ ಎಂಬ ನಂಬಿಕೆ ತಪ್ಪು. ಅದು ತನ್ನ ಸುತ್ತಲನ್ನು ಹುಡುಕುತ್ತದೆ, ಆಯ್ದುಕೊಳ್ಳುತ್ತದೆ, ಹೊಂದಿಕೊಳ್ಳುತ್ತದೆ. ಇಷ್ಟನ್ನು ಬಲ್ಲವನ ಕೈ ಅದನ್ನು ಮುಟ್ಟುವಾಗ ಸ್ವಲ್ಪ ಎಚ್ಚರಗೊಳ್ಳಬೇಕು.

ದೂರವಿಡುವುದು ಮತ್ತು ಕೊಲ್ಲುವುದು

ನಿಸರ್ಗದಿಂದ ಕಲಿತ ಮೇಲ್ಮೈಗಳಲ್ಲಿ ನೀತಿವಿಚಾರಕ್ಕೆ ಮುಖ್ಯವಾದ ಎರಡು ಬಗೆಗಳಿವೆ. ತಾವರೆಯ ಎಲೆಯ ಮೇಲೆ ನೀರು ನಿಲ್ಲದಿರುವುದನ್ನು ನಮ್ಮ ಪೂರ್ವಿಕರು ನಿರ್ಲಿಪ್ತತೆಯ ಉಪಮೆಯಾಗಿ ಬಳಸುತ್ತ ಬಂದರು. ಜರ್ಮನಿಯ ಬಾರ್ಟ್‌ಲೋಟ್ ಮತ್ತು ನೈನ್‌ಹುಯಿಸ್ ಎಂಬ ಸಸ್ಯಶಾಸ್ತ್ರಜ್ಞರು 1997ರಲ್ಲಿ ಇದರ ಕಾರಣವನ್ನು ವಿವರಿಸಿದರು. ಎಲೆಯ ಮೇಲಿನ ಸೂಕ್ಷ್ಮ ಉಬ್ಬುಗಳೂ ಅವುಗಳ ಮೇಲಿನ ಮೇಣದ ಹರಳುಗಳೂ ಸೇರಿ ನೀರಹನಿಗೆ ಅಂಟಲು ಎಡೆಯನ್ನೇ ಕೊಡುವುದಿಲ್ಲ. ಉರುಳುವ ಹನಿಯು ಧೂಳನ್ನೂ ಸೂಕ್ಷ್ಮಾಣುಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಶಾರ್ಕ್ ಮೀನಿನ ಚರ್ಮದ ಗೀರುಗಳನ್ನು ಅನುಕರಿಸಿದ ಹಾಳೆಗಳೂ ಹೀಗೆಯೇ. ಹಡಗಿನ ತಳಕ್ಕೆ ಪಾಚಿ ಕಟ್ಟದಿರಲೆಂದು ಅಮೇರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಆಂಥೊನಿ ಬ್ರೆನನ್ ಅವರು ಆರಂಭಿಸಿದ ಈ ಶೋಧವು ಮುಂದೆ ಆಸ್ಪತ್ರೆಯ ಸಾಮಗ್ರಿಗಳ ಕಡೆಗೆ ತಿರುಗಿತು. ಇಲ್ಲಿ ಬ್ಯಾಕ್ಟೀರಿಯವು ಸಾಯುವುದಿಲ್ಲ. ಅದಕ್ಕೆ ನೆಲೆಯೂರಲು ಒಗ್ಗುವುದಿಲ್ಲ, ಅಷ್ಟೆ.

ಎರಡನೆಯ ಬಗೆ ಬೇರೆ. ಆಸ್ಟ್ರೇಲಿಯದ ಎಲೆನಾ ಇವಾನೊವಾ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಜೀರುಂಡೆಯ ರೆಕ್ಕೆಯನ್ನು ಪರೀಕ್ಷಿಸಿದಾಗ, ಅದರ ಮೇಲೆ ಸುಮಾರು 200 ನ್ಯಾನೊಮೀಟರ್ ಎತ್ತರದ ಗೂಟಗಳು ಒತ್ತಾಗಿ ನಿಂತಿರುವುದು ಕಂಡಿತು. ಅಲ್ಲಿ ಬಂದು ಕುಳಿತ ಬ್ಯಾಕ್ಟೀರಿಯದ ಹೊರಪೊರೆಯು ಗೂಟಗಳ ನಡುವೆ ಜಗ್ಗಿ ಹರಿದು ಅದು ಸಾಯುತ್ತಿತ್ತು. ಮರುವರ್ಷ, ನಮ್ಮ ಕಡೆ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ರೆಕ್ಕೆಯಲ್ಲೂ, ಅದನ್ನು ಹೋಲುವಂತೆ ಮಾಡಿದ ಸಿಲಿಕಾನಿನಲ್ಲೂ ಇದೇ ಗುಣವಿರುವುದನ್ನು ಅವರು ತೋರಿಸಿದರು.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಅವರ ತಂಡವು, ಎಲುಬಿನ ಕೀಲುಗಳಿಗೆ ಬಳಸುವ ಟೈಟೇನಿಯಂ ಲೋಹದ ಮೇಲೆ ಇಂತಹ ಸೂಕ್ಷ್ಮ ಮುಳ್ಳುಗಳನ್ನು ಮೂಡಿಸಿದ ವಿವರವನ್ನು 2017ರಲ್ಲಿ ಪ್ರಕಟಿಸಿತು. ಬೆಳಕನ್ನು ಹಿಂದಿರುಗಿಸದೆ ಕಪ್ಪಗೆ ಕಾಣುವ ಆ ಲೋಹದ ಮೇಲೆ ಕುಳಿತ ಹಲವು ಬಗೆಯ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಸತ್ತವು. ದಪ್ಪ ಗೋಡೆಯುಳ್ಳ ಸ್ಟೆಫಿಲೊಕಾಕಸ್ ಮಾತ್ರ ಹೆಚ್ಚು ಕಾಲ ತಾಳಿಕೊಂಡಿತು. ಅದೇ ಲೋಹದ ಮೇಲೆ ಮನುಷ್ಯನ ಆಕರ ಕೋಶಗಳು ಬದುಕಿ ಬೆಳೆದವು. ಮನುಷ್ಯನ ಕೋಶವು ಬ್ಯಾಕ್ಟೀರಿಯಕ್ಕಿಂತ ಬಹಳ ದೊಡ್ಡದಾದುದರಿಂದಲೂ ಅದರ ಪೊರೆಯು ಬಾಗಬಲ್ಲುದಾದುದರಿಂದಲೂ ಅದಕ್ಕೆ ಈ ಮುಳ್ಳುಗಳು ಮಾರಕವಾಗುವುದಿಲ್ಲ. ಒಂದೇ ನೆಲವು ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಮರಣ.

ಕೊಲ್ಲುವವರು ಯಾರು?

ಇಲ್ಲಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಗೋಕಾಕದ ಒಂದು ಶ್ರಾವಕ ಮನೆತನದಲ್ಲಿ ಎಂಬತ್ತು ವರ್ಷದ ಆಯಿಯೊಬ್ಬರು ಬಚ್ಚಲಿನಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರೆನ್ನೋಣ. ಜೀವಮಾನವಿಡೀ ನೀರು ಸೋಸಿ ಕುಡಿದವರು, ಸೂರ್ಯಾಸ್ತದ ಬಳಿಕ ಅನ್ನ ಮುಟ್ಟದವರು, ಕಂದಮೂಲಗಳನ್ನು ತೊರೆದವರು. ಲೋಹದ ಕೀಲು ಜೋಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಕೀಲಿನ ಮೇಲೆ ಸೂಕ್ಷ್ಮಾಣುಗಳು ಪದರು ಕಟ್ಟಿ ನಂಜೇರಿದರೆ ಮತ್ತೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಔಷಧ, ಒಮ್ಮೊಮ್ಮೆ ಪ್ರಾಣಾಪಾಯ. ಮುಳ್ಳಿನ ಮೇಲ್ಮೈಯ ಕೀಲು ಆಸ್ಪತ್ರೆಗಳಿಗೆ ಬರುವ ದಿನವೊಂದು ಬಂದು, ಆಯಿ ತಮ್ಮ ಮೊಮ್ಮಗಳನ್ನು ಹೀಗೆ ಕೇಳಬಹುದು: “ತಂಗೀ, ನನ್ನ ಮೈಯೊಳಗ ಇಡೂದು ದಿನಾ ಜೀವ ತಗಿಯೂ ವಸ್ತು ಏನು? ಅದರ ಪಾಪ ಯಾರಿಗೆ?”

ಸುಲಭವಾದ ಒಂದು ಉತ್ತರವಿದೆ. ಆಯಿ ಯಾರನ್ನೂ ಕೊಲ್ಲುತ್ತಿಲ್ಲ, ವೈದ್ಯರೂ ಕೊಲ್ಲುತ್ತಿಲ್ಲ, ಬ್ಯಾಕ್ಟೀರಿಯವು ತಾನಾಗಿ ಬಂದು ಮುಳ್ಳಿನ ಮೇಲೆ ಕುಳಿತು ಸಾಯುತ್ತದೆ ಎಂಬುದು ಆ ಉತ್ತರ. ಜೈನ ನೀತಿಯು ಇದನ್ನು ಒಪ್ಪುವುದಿಲ್ಲ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದುದಕ್ಕೆ ಮೆಚ್ಚುಗೆಯಿತ್ತದ್ದು, ಈ ಕೃತ-ಕಾರಿತ-ಅನುಮೋದನೆಗಳೆಂಬ ಮೂರೂ ಲೆಕ್ಕಕ್ಕೆ ಬರುತ್ತವೆ. ಬೋನು ಇಟ್ಟವನು ಮನೆಯಲ್ಲಿ ಮಲಗಿದ್ದರೂ ಬೋನಿಗೆ ಬಿದ್ದ ಇಲಿಯ ಹೊಣೆ ಅವನದೇ. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಹಲವರು ಹಂಚಿಕೊಳ್ಳಬೇಕಾಗಬಹುದೆಂಬ ಮಾತನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಸ್ತಾರವಾಗಿ ವಿಚಾರಿಸಿದ್ದಾರೆ. ಆಕಾರದ ಹಿಂದೆ ಅಡಗಿಕೊಂಡು ಕರ್ತೃತ್ವವನ್ನು ತಪ್ಪಿಸಿಕೊಳ್ಳಲಾಗದು.

ಇದಕ್ಕೆ ವಿರುದ್ಧವಾದ ಇನ್ನೊಂದು ಸುಲಭ ಉತ್ತರವೂ ಇದೆ. ಜೀವಹಾನಿ ಆಗುವುದೆಂದ ಮೇಲೆ ಆ ಕೀಲು ತ್ಯಾಜ್ಯ ಎಂಬುದು ಅದು. ಇದೂ ಆಚಾರ್ಯರ ಮಾರ್ಗವಲ್ಲ. ಪ್ರಾಣಹಾನಿಯಾದ ಮಾತ್ರಕ್ಕೆ ಹಿಂಸೆಯ ವಿಚಾರ ಮುಗಿಯುವುದಿಲ್ಲ. ರಾಗದ್ವೇಷಗಳಿಂದಲೂ ಅಜಾಗ್ರತೆಯಿಂದಲೂ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯೇ ಅದರ ಮೂಲವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಗೃಹಸ್ಥನಿಗೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ, ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕೆಂದೂ ವಿಧಿಸಲಾಗಿದೆ. ದೇಹದ ಮೇಲೆ ಎರಗುವ ನಂಜನ್ನು ತಡೆಯುವುದು ವಿರೋಧೀ ಹಿಂಸೆಗೆ ಹತ್ತಿರವಾದುದು. ಅದು ಗೃಹಸ್ಥನಿಗೆ ಕ್ಷಮ್ಯ. ಆದರೆ ಪುಣ್ಯವಲ್ಲ, ಹೆಮ್ಮೆಯ ವಿಷಯವೂ ಅಲ್ಲ.

ಕ್ಷಮ್ಯವಾದುದಕ್ಕೂ ಒಂದು ಕಟ್ಟಳೆಯಿದೆ. ಕಡಿಮೆ ಹಾನಿಯ ದಾರಿ ತೆರೆದಿರುವಾಗ ಹೆಚ್ಚು ಹಾನಿಯದನ್ನು ಹಿಡಿದರೆ ಅಲ್ಲಿ ಪ್ರಮಾದವು ಬಂದು ಸೇರುತ್ತದೆ. ಬ್ಯಾಕ್ಟೀರಿಯವನ್ನು ದೂರವಿಡುವ ಮೇಲ್ಮೈಯಿಂದಲೇ ಕೆಲಸ ಆಗುವಲ್ಲಿ ಕೊಲ್ಲುವ ಮೇಲ್ಮೈಯನ್ನು ಬಯಸುವುದು ತರವಲ್ಲ. ಗೋಡೆ, ಬಾಗಿಲ ಹಿಡಿಕೆ, ಅಡಿಗೆಮನೆಯ ಪಾತ್ರೆ ಇವಕ್ಕೆಲ್ಲ ಸೂಕ್ಷ್ಮಾಣುನಾಶಕ ಲೇಪವನ್ನು ಬಳಿದು, ಅದನ್ನೇ ಶುಚಿತ್ವವೆಂದು ಮಾರುವ ವ್ಯಾಪಾರಕ್ಕೂ, ಮುರಿದ ಎಲುಬಿನ ಕೀಲಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಭಯವೂ ಲೋಭವೂ ಇವೆ. ಎರಡನೆಯದರಲ್ಲಿ ಒಂದು ಪಂಚೇಂದ್ರಿಯ ಜೀವದ ರಕ್ಷಣೆಯಿದೆ. ಸೋಸುವ ಬಟ್ಟೆ ಕಲಿಸಿದ ಪಾಠವೂ ಇದೇ: ಬೇರ್ಪಡಿಸಲು ಸಾಧ್ಯವಿರುವಲ್ಲಿ ಬೇರ್ಪಡಿಸಬೇಕು, ಕೊಲ್ಲಬಾರದು.

ಬೋನಿನ ಪ್ರಾಣಿಯ ಬದಲು ಬಿಲ್ಲೆಯ ಮೇಲಿನ ಕೋಶ

ಈ ವಿದ್ಯೆಯ ಇನ್ನೊಂದು ಮುಖವು ಜೈನ ಸಮಾಜಕ್ಕೆ ಸಂತೋಷ ತರಬಲ್ಲುದು. ಹೊಸ ಔಷಧವನ್ನು ಮನುಷ್ಯನಿಗೆ ಕೊಡುವ ಮೊದಲು ಇಲಿ, ಮೊಲ, ನಾಯಿ, ಕೋತಿಗಳ ಮೇಲೆ ಪ್ರಯೋಗಿಸುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅವರು 1959ರಲ್ಲಿ, ಸಾಧ್ಯವಿರುವಲ್ಲಿ ಪ್ರಾಣಿಗಳ ಬದಲು ಬೇರೆ ವಿಧಾನ, ಇಲ್ಲವಾದಲ್ಲಿ ಕಡಿಮೆ ಪ್ರಾಣಿಗಳು, ಅದೂ ಕಡಿಮೆ ನೋವಿನಿಂದ ಎಂಬ ಮೂರು ಸೂತ್ರಗಳನ್ನು ಮಂಡಿಸಿದರು. ಮೊದಲ ಸೂತ್ರವು ಕೈಗೂಡಲು ಬೇಕಾದುದು ಈಗ ಈ ಸೂಕ್ಷ್ಮ ರಚನೆಗಳಿಂದ ದೊರೆಯುತ್ತಿದೆ. ಅಮೇರಿಕದ ಹಾರ್ವರ್ಡಿನಲ್ಲಿ ಡಾನ್ ಹು ಮತ್ತು ಡೊನಾಲ್ಡ್ ಇಂಗ್ಬರ್ ಅವರು 2010ರಲ್ಲಿ ಬೆರಳಿನಷ್ಟು ದೊಡ್ಡದಾದ ಪಾರದರ್ಶಕ ಬಿಲ್ಲೆಯೊಂದರಲ್ಲಿ ಶ್ವಾಸಕೋಶದ ಮಾದರಿಯನ್ನು ಮಾಡಿದರು. ನಡುವೆ ರಂಧ್ರಗಳುಳ್ಳ ತೆಳುಪೊರೆ. ಅದರ ಒಂದು ಬದಿಗೆ ಮನುಷ್ಯನ ಶ್ವಾಸಕೋಶದ ಕೋಶಗಳು, ಇನ್ನೊಂದು ಬದಿಗೆ ರಕ್ತನಾಳದ ಕೋಶಗಳು. ಇಕ್ಕೆಲದಿಂದ ಗಾಳಿಯನ್ನು ಸೆಳೆದಾಗ ಪೊರೆಯು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತದೆ. ಕೋಶಗಳು ತಾವು ದೇಹದಲ್ಲಿಯೇ ಇರುವಂತೆ ನಡೆದುಕೊಳ್ಳುವುದರಿಂದ ಔಷಧದ ಗುಣದೋಷಗಳನ್ನು ಅವುಗಳ ಮೇಲೆಯೇ ಪರೀಕ್ಷಿಸಲು ದಾರಿಯಾಯಿತು.

ಕಾನೂನು ಕೂಡ ಇದಕ್ಕೆ ಅನುವು ಮಾಡಿಕೊಟ್ಟಿದೆ. ಭಾರತವು ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಿತು. ಅಮೇರಿಕದಲ್ಲಿ 2022ರ ಕಾಯದೆಯು ಹೊಸ ಔಷಧಕ್ಕೆ ಪ್ರಾಣಿಪ್ರಯೋಗವು ಕಡ್ಡಾಯವೆಂಬ ಹಳೆಯ ನಿಯಮವನ್ನು ಸಡಿಲಿಸಿತು. ಭಾರತವೂ 2023ರಲ್ಲಿ ಹೊಸ ಔಷಧಗಳ ನಿಯಮಾವಳಿಯನ್ನು ತಿದ್ದಿ, ಇಂತಹ ಬಿಲ್ಲೆಗಳೂ ಸೇರಿದಂತೆ ಪ್ರಾಣಿರಹಿತ ವಿಧಾನಗಳಿಗೆ ಎಡೆಗೊಟ್ಟಿತು.

ಆದರೆ ಲೆಕ್ಕವನ್ನು ಪೂರ್ತಿ ನೋಡದೆ ಸಂತೋಷಪಡುವಂತಿಲ್ಲ. ಗಾಜಿನ ಪಾತ್ರೆಯ ಕೋಶಗಳಿಗೆ ಆಹಾರ ಬೇಕು. ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪೋಷಕದ್ರವದಲ್ಲಿ ಹುಟ್ಟದ ಕರುವಿನ ರಕ್ತದ ತಿಳಿ ಸೇರಿರುತ್ತದೆ. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ ಅದರ ಹೊಟ್ಟೆಯ ಕರುವಿನ ಹೃದಯದಿಂದ ಆ ರಕ್ತವನ್ನು ತೆಗೆಯಲಾಗುತ್ತದೆ. ಕೋಶಗಳಿಗೆ ಹಾಸಾಗಿ ಬಳಸುವ ಕೊಲಾಜನ್, ಜೆಲಾಟಿನ್‌ಗಳು ಪ್ರಾಣಿಗಳ ಚರ್ಮ ಎಲುಬುಗಳಿಂದ ಬಂದವು. ಇಲಿಯನ್ನು ಉಳಿಸಿದೆವೆಂದು ಹೇಳುವ ಬಿಲ್ಲೆಯ ಹಿಂದೆ ಹೀಗೆ ಹಸುವೂ ಕರುವೂ ಇರಬಹುದು. ಇದಕ್ಕೆ ಪರಿಹಾರಗಳಿಲ್ಲವೆಂದಲ್ಲ. ರಕ್ತದ ತಿಳಿಯಿಲ್ಲದ ಪೋಷಕದ್ರವಗಳಿವೆ. ರಕ್ತದಾನದಲ್ಲಿ ಬಂದು ಅವಧಿ ಮೀರಿದ ಮನುಷ್ಯರ ಕಿರುಬಿಲ್ಲೆಗಳಿಂದ ತೆಗೆದ ಸಾರವೂ ಇದೆ. ಅವುಗಳ ಬೆಲೆ ಮತ್ತು ರೂಢಿ ಇವೇ ಬಹುತೇಕ ಅಡ್ಡಿಗಳು.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ರೇಷ್ಮೆಯದು. ರೇಷ್ಮೆಗೂಡಿನ ಪ್ರೋಟೀನನ್ನು ಕರಗಿಸಿ, ಅದರಿಂದ ತೆಳುಪೊರೆ, ಸ್ಪಂಜು, ಎಳೆಗಳನ್ನು ಮಾಡಿ ಅವುಗಳ ಮೇಲೆ ಚರ್ಮದ, ಎಲುಬಿನ, ನರದ ಕೋಶಗಳನ್ನು ಬೆಳೆಸುವುದು ಈಗ ಚೆನ್ನಾಗಿ ಬೇರೂರಿದ ವಿದ್ಯೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ಆದರೆ ಗೂಡಿನೊಳಗಿನ ಹುಳುವನ್ನು ಶಾಖದಿಂದ ಕೊಂದ ಮೇಲೆಯೇ ಸೀರೆಯ ನೂಲು ಬಿಚ್ಚಲ್ಪಡುತ್ತದೆ. ಚಿಟ್ಟೆ ಹೊರಬಂದರೆ ಎಳೆ ತುಂಡಾಗುವುದೆಂಬುದೇ ಇದಕ್ಕೆ ಕಾರಣ. ಈ ಕಾರಣದಿಂದ ರೇಷ್ಮೆಯನ್ನು ತೊರೆದ ಜೈನ ಮನೆತನಗಳು ಬಹಳ. ಮಡಿಯ ಬಟ್ಟೆಯೆಂದು ಇನ್ನೂ ಉಡುವವರೂ ಇದ್ದಾರೆ. ವೈದ್ಯಕೀಯ ಬಳಕೆಯಲ್ಲಿಯಾದರೋ ಗೂಡನ್ನು ಹೇಗೂ ಕತ್ತರಿಸಿ ಕರಗಿಸುತ್ತಾರೆ. ಅಲ್ಲಿ ಅಖಂಡ ಎಳೆಯ ಅಗತ್ಯವೇ ಇಲ್ಲ. ಆದುದರಿಂದ ಚಿಟ್ಟೆ ಹಾರಿಹೋದ ಬಳಿಕ ಉಳಿದ ತೂತಿನ ಗೂಡು ಈ ಕೆಲಸಕ್ಕೆ ಸಾಲುವುದು. ಸೀರೆಗೆ ಹೇಳಬಹುದಾದ ಅನಿವಾರ್ಯದ ನೆಪವನ್ನು ಇಲ್ಲಿ ಹೇಳಲಾಗದು. ಕೇಳುವವರಿದ್ದರೆ ಹಿಂಸೆ ಕಡಿಮೆಯಾಗುವ ಇಂತಹ ಎಡೆಗಳು ಇನ್ನೂ ಸಿಕ್ಕಾವು.

ಪಾತ್ರೆಯಲ್ಲಿ ಬೆಳೆಯುವ ಆ ಕೋಶಕ್ಕೇ ಜೀವವಿಲ್ಲವೇ ಎಂದು ಕೇಳುವವರುಂಟು. ಶಾಸ್ತ್ರಗಳು ರಚಿತವಾದ ಕಾಲದಲ್ಲಿ ಇಂತಹ ಪಾತ್ರೆಯಿರಲಿಲ್ಲವಾದುದರಿಂದ ಅದರ ಹೆಸರು ಹಿಡಿದು ಹೇಳಿದ ವಿಧಿಯನ್ನು ಹುಡುಕುವುದು ವ್ಯರ್ಥ. ಅದನ್ನು ಏಕೇಂದ್ರಿಯಕ್ಕೆ ಸಮಾನವೆಂದೇ ಎಣಿಸಿ ನಡೆದರೂ ಗೃಹಸ್ಥನ ನಿರ್ಣಯ ಬದಲಾಗದು. ನೋವಿನಿಂದ ಒದ್ದಾಡುವ, ಭಯಪಡುವ, ಮರಿಗಳನ್ನು ಸಾಕುವ ಪಂಚೇಂದ್ರಿಯ ಪ್ರಾಣಿಯ ಬದಲಿಗೆ ಅದನ್ನು ಬಳಸುವುದು ಕಡಿಮೆ ಹಾನಿಯ ಮಾರ್ಗ. ಧಾನ್ಯ ತಿನ್ನುವ ಶ್ರಾವಕನು ಮಾಂಸವನ್ನು ತೊರೆಯುವುದು ಇದೇ ನ್ಯಾಯದಿಂದ. ಆದರೆ ಧಾನ್ಯವನ್ನೂ ಚೆಲ್ಲಬಾರದೆಂಬ ನಿಯಮವಿರುವಂತೆ, ಕೋಶಗಳ ಬಳಕೆಗೂ ಮಿತಿಯಿರಬೇಕು.

ಮನೆ, ಹೊಲ ಮತ್ತು ವಿಶ್ವಸ್ಥ ಮಂಡಳಿ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಜೈನರಲ್ಲಿ ಬೇಸಾಯಗಾರರು ಬಹಳ. ಪ್ರಯೋಗಾಲಯದ ಬಿಳಿ ಇಲಿಗಾಗಿ ಮರುಗುವ ಮನೆಯ ಹೊಲದಲ್ಲಿಯೇ ಕೀಟನಾಶಕವು ಅಳತೆ ಮೀರಿ ಸುರಿಯುತ್ತಿದ್ದರೆ ಆ ಮರುಕಕ್ಕೆ ತೂಕ ಬರುವುದಿಲ್ಲ. ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ತಪ್ಪಿದ್ದಲ್ಲ. ಅದನ್ನು ಕಡಿಮೆ ಮಾಡುವ ಹೊಣೆಯೂ ತಪ್ಪಿದ್ದಲ್ಲ. ವಿಜ್ಞಾನಿಯನ್ನು ಕೇಳುವ ಪ್ರಶ್ನೆಯನ್ನು ತನ್ನನ್ನೂ ಕೇಳಿಕೊಂಡವನ ಮಾತಿಗೆ ಬೆಲೆಯಿದೆ.

ಬಸದಿಗಳ ವಿಶ್ವಸ್ಥ ಮಂಡಳಿಗಳು ಔಷಧದಾನವೆಂದು ಆಸ್ಪತ್ರೆಗಳಿಗೂ ವಿದ್ಯಾರ್ಥಿಗಳಿಗೂ ಹಣ ಕೊಡುತ್ತ ಬಂದಿವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವು ಅಭಯದಾನಕ್ಕೆ ವಿರುದ್ಧವಾಗಿ ನಿಲ್ಲಬಾರದು. ಹಣ ಕೊಡುವ ಮೊದಲು ಮಂಡಳಿಗಳು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಈ ಕೆಲಸಕ್ಕೆ ಪ್ರಾಣಿಯ ಬದಲು ಬೇರೆ ವಿಧಾನವಿದೆಯೇ, ಇದ್ದರೆ ಅದನ್ನು ಬಳಸಲಾಗುತ್ತಿದೆಯೇ? ಬಳಸುವ ದ್ರವವೂ ಹಾಸೂ ಯಾವ ಜೀವಿಯಿಂದ ಬಂದವು, ಅವುಗಳಿಗೆ ಬದಲಿಯಿದೆಯೇ? ಬದಲಿಯು ತುಟ್ಟಿಯೆಂಬುದೊಂದೇ ಅಡ್ಡಿಯಾದರೆ ಆ ಹೆಚ್ಚಿನ ವೆಚ್ಚವನ್ನು ಮಂಡಳಿಯೇ ಹೊರಬಹುದೇ? ಮೂರನೆಯ ಪ್ರಶ್ನೆ ಇಲ್ಲದಿದ್ದರೆ ಮೊದಲ ಎರಡು ಬರಿಯ ಉಪದೇಶವಾಗುತ್ತವೆ. ಜೀವವಿಜ್ಞಾನ ಓದುವ ನಮ್ಮ ಮನೆಗಳ ಮಕ್ಕಳು ಇಂದು ಒಬ್ಬೊಬ್ಬರಾಗಿ, ಮಾರ್ಗದರ್ಶಕರ ಮುಂದೆ ಸಂಕೋಚದಿಂದ, ಈ ಪ್ರಶ್ನೆಗಳನ್ನು ಎದುರಿಸಬೇಕಾಗಿದೆ. ಓದನ್ನು ಬಿಡು ಎಂದು ಅವರಿಗೆ ಹೇಳುವುದಕ್ಕಿಂತ, ರಕ್ತದ ತಿಳಿಯಿಲ್ಲದ ದ್ರವವನ್ನು ಕೊಳ್ಳಲು ಬೇಕಾದ ಹಣವನ್ನು ಕೊಡುವುದು ಸಮಾಜಕ್ಕೆ ಹೆಚ್ಚು ಶೋಭಿಸುವ ಕೆಲಸ. ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರು ವಿದ್ಯೆಯಿಂದ ದೂರ ಸರಿದರೆ, ಆ ವಿದ್ಯೆಯಲ್ಲಿ ಅಹಿಂಸೆಯ ಪ್ರಶ್ನೆಯನ್ನು ಎತ್ತುವವರೇ ಇಲ್ಲದಂತಾಗುತ್ತದೆ.

ಇನ್ನು ಆ ಆಯಿಯ ಪ್ರಶ್ನೆ. ಮೊಮ್ಮಗಳು ಕೊಡಬಹುದಾದ ಪ್ರಾಮಾಣಿಕ ಉತ್ತರ ಹೀಗಿದ್ದೀತು: ಹೌದು, ಆ ಕೀಲಿನ ಮೇಲೆ ಸೂಕ್ಷ್ಮ ಜೀವಿಗಳು ಸಾಯುತ್ತವೆ, ಅದರಲ್ಲಿ ಎಲ್ಲರಿಗೂ ಪಾಲಿದೆ, ಬೇರೆ ದಾರಿಯಿಲ್ಲದಿರುವಾಗ ಅದನ್ನು ಒಪ್ಪಿಕೊಂಡರೆ ವ್ರತಭಂಗವಾಗದು, ದಿನದ ಪ್ರತಿಕ್ರಮಣದಲ್ಲಿ ಅವುಗಳನ್ನೂ ನೆನೆದು ಕ್ಷಮೆ ಕೇಳಬೇಕು. ಅಷ್ಟೇ ಅಲ್ಲ, ಕೊಲ್ಲದೆ ದೂರವಿಡುವ ಕೀಲನ್ನು ಮಾಡಲು ಸಾಧ್ಯವೇ ಎಂದು ಹುಡುಕುವ ಕೆಲಸವೂ ಇದೆ. ಆಯಿ ನೀರು ಸೋಸಿ, ಬಟ್ಟೆಯ ಮೇಲಿನ ಜೀವಿಗಳನ್ನು ಬಾವಿಗೆ ಮರಳಿಸುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದವಳಿಗೆ ಆ ಹುಡುಕಾಟವು ಹೊಸದಾಗಿ ಕಾಣಲಾರದು. ಅಂತಹ ಮಕ್ಕಳಿಗೆ ಸಮಾಜದ ಬೆಂಬಲ ದೊರೆಯಲಿ. ಎಲ್ಲ ಜೀವಿಗಳಿಗೂ ಕ್ಷೇಮವಾಗಲಿ.